ಕೋಟೆಗಿಂತ ಮೊದಲು ಕೆರೆ: ರಾಜಸ್ಥಾನದ ಮರುನಾಡನ್ನು ಅರಿಯುವ ಬಗೆ

ಪ್ರಶ್ನೆ: ನಾನು ಗದಗ ಜಿಲ್ಲೆಯ ನಿವೃತ್ತ ಶಿಕ್ಷಕಿ. ಬರುವ ಡಿಸೆಂಬರ್‌ನಲ್ಲಿ ಮಗಳು, ಅಳಿಯ ಮತ್ತು ಹನ್ನೊಂದು ವರ್ಷದ ಮೊಮ್ಮಗನ ಜೊತೆ ಹತ್ತು ದಿನ ರಾಜಸ್ಥಾನಕ್ಕೆ ಹೊರಟಿದ್ದೇನೆ. ಪ್ರವಾಸ ಏರ್ಪಡಿಸುವವರು ಕೊಟ್ಟ ಪಟ್ಟಿಯಲ್ಲಿ ಹದಿನಾಲ್ಕು ಕೋಟೆ, ಅರಮನೆಗಳಿವೆ. ಎಲ್ಲದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದರೆ ಆ ನಾಡು ತಿಳಿದಂತಾಗುತ್ತದೆಯೇ ಎಂಬ ಅನುಮಾನ ನನ್ನದು. ಅಲ್ಲಿನ ಇತಿಹಾಸ, ಜನರ ಬದುಕು ಅರ್ಥವಾಗಬೇಕಾದರೆ ಎಲ್ಲಿಂದ ಶುರು ಮಾಡಲಿ? ಯಾವುದನ್ನು ಬಿಡಲಿ? ಮೊಮ್ಮಗನಿಗಂತೂ ಒಂಟೆ ಸವಾರಿ ಆಗಲೇಬೇಕಂತೆ.

ಉತ್ತರ: ಮೊದಲು ಆ ಪಟ್ಟಿಯಲ್ಲಿ ಹತ್ತು ಹೆಸರುಗಳನ್ನು ಹೊಡೆದುಹಾಕಿ. ಉಳಿದ ನಾಲ್ಕನ್ನು ನಿಧಾನವಾಗಿ ನೋಡಿ. ರಾಜಸ್ಥಾನದ ವಿಸ್ತೀರ್ಣ 3.42 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದ್ದು 1.92 ಲಕ್ಷ. ಜೈಸಲ್ಮೇರ್ ಜಿಲ್ಲೆಯೊಂದೇ ಹೆಚ್ಚುಕಡಿಮೆ ಕೇರಳದಷ್ಟಿದೆ. 2011ರ ಜನಗಣತಿಯಂತೆ ಅಲ್ಲಿ ಚದರ ಕಿಲೋಮೀಟರಿಗೆ ಹದಿನೇಳು ಜನ. ಇಂಥ ನಾಡನ್ನು ಹತ್ತು ದಿನದಲ್ಲಿ ಪೂರ್ತಿ ಸುತ್ತುತ್ತೇವೆ ಎಂದು ಹೊರಟವರ ಹಗಲೆಲ್ಲ ವಾಹನದೊಳಗೇ ಕಳೆದುಹೋಗುತ್ತದೆ.

ಭೂಪಟ ತೆರೆದರೆ ಅರಾವಳಿ ಬೆಟ್ಟಸಾಲು ರಾಜ್ಯವನ್ನು ಕರ್ಣರೇಖೆಯಂತೆ ಸೀಳಿರುವುದು ಕಾಣುತ್ತದೆ. ಅದರ ಪೂರ್ವಕ್ಕೆ ನದಿ, ಕಾಡು, ಜೈಪುರ, ಕೋಟಾ, ಪಶ್ಚಿಮಕ್ಕೆ ಥಾರ್. ನೀವು ಅರಿಯಬೇಕೆಂದಿರುವುದು ಮರುನಾಡನ್ನಾದರೆ ಈ ಸಲ ಪಶ್ಚಿಮಕ್ಕಷ್ಟೇ ಹೋಗಿ: ಜೋಧಪುರ, ಜೈಸಲ್ಮೇರ್, ಬಿಕಾನೇರ್, ಮತ್ತು ಈ ಮೂರರ ನಡುವಿನ ಹಳ್ಳಿಗಳು. ಜೈಪುರ, ಉದಯಪುರಗಳಿಗೆ ಇನ್ನೊಂದು ಪ್ರವಾಸವೇ ಬೇಕು.

ನಿಮ್ಮ ಪಯಣ ಹುಬ್ಬಳ್ಳಿಯ ನಿಲ್ದಾಣದಲ್ಲೇ ಶುರುವಾಗಲಿ. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ನೇರ ರೈಲಿದೆ. ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ಪೇಟೆಗಳಲ್ಲಿ ನೆಲೆನಿಂತ ವ್ಯಾಪಾರಿ ಕುಟುಂಬಗಳು ಮದುವೆಗೆ, ಹಬ್ಬಕ್ಕೆ ಊರಿಗೆ ಹೋಗುವುದು ಅದರಲ್ಲೇ. ನಾವು ಎಲ್ಲರನ್ನೂ ಒಟ್ಟಾಗಿ 'ಮಾರವಾಡಿ' ಎಂದು ಕರೆಯುತ್ತೇವೆ. ಅವರನ್ನು ಕೇಳಿದರೆ ಒಬ್ಬರು ಪಾಲಿ, ಒಬ್ಬರು ಜಾಲೋರ್, ಇನ್ನೊಬ್ಬರು ಸಿರೋಹಿ ಎನ್ನುತ್ತಾರೆ. ಕನ್ನಡ ಅವರಿಗೆ ಚೆನ್ನಾಗಿ ಬರುತ್ತದೆ. ಊರಲ್ಲಿ ನೀರು ಹೇಗೆ ಎಂದು ಮಾತು ತೆಗೆಯಿರಿ. ಅಜ್ಜನ ಕಾಲದ ಟಾಂಕಾ (ಮಳೆನೀರು ಕೂಡಿಡುವ ನೆಲದಡಿಯ ತೊಟ್ಟಿ), ಬರಗಾಲ, ವಲಸೆ ಎಲ್ಲ ತಾವಾಗಿಯೇ ಹೊರಬರುತ್ತವೆ. ಅವರ ಮಾತಿನಲ್ಲಿ ನಮ್ಮ 'ಳ'ಕಾರವೂ ಕಿವಿಗೆ ಬೀಳುತ್ತದೆ. ಹಿಂದಿಯಲ್ಲಿಲ್ಲದ ಆ ಅಕ್ಷರ ಮಾರವಾಡಿಯಲ್ಲಿದೆ. ಬರಗಾಲಕ್ಕೆ ಅವರ ಪದವೇ 'ಕಾಳ್'.

ನೀರಿನ ಮಾತು ಯಾಕೆಂದರೆ, ಆ ನಾಡಿನ ಇತಿಹಾಸವನ್ನು ನಾನು ಓದಿದ್ದು ಆ ದಾರಿಯಲ್ಲಿಯೇ. ಮೊದಲ ಸಲ ಹೋದಾಗ ನಾನೂ ಕೋಟೆಗಳನ್ನೇ ನೋಡಿದೆ, ಯಾರು ಯಾರನ್ನು ಯಾವಾಗ ಸೋಲಿಸಿದರು ಎಂದು ಬರೆದುಕೊಂಡೆ. ಆ ಟಿಪ್ಪಣಿ ಪುಸ್ತಕ ಈಗಲೂ ಇದೆ. ಅದರಲ್ಲಿ ಜನರೇ ಇಲ್ಲ. ನಂತರದ ಭೇಟಿಗಳಲ್ಲಿ ಪ್ರತಿ ಊರಿನಲ್ಲೂ 'ಇಲ್ಲಿ ಕುಡಿಯುವ ನೀರು ಎಲ್ಲಿಂದ?' ಎಂದು ಕೇಳತೊಡಗಿದೆ. ರಾಜ, ವ್ಯಾಪಾರಿ, ರೈತ, ಹಾಡುಗಾರ, ದೇವರು ಎಲ್ಲರೂ ಆ ಒಂದು ಪ್ರಶ್ನೆಗೆ ಬಂದು ಸೇರಿದರು.

ಊರ ಹೆಸರುಗಳನ್ನೇ ನೋಡಿ. ಲೂಣಕರಣಸರ್, ನಾಪಾಸರ್, ಜಸರಾಸರ್. ಆ 'ಸರ್' ಎಂದರೆ ಸರಸ್ಸು, ಕೆರೆ. ಜೋಧಪುರದ ಕೋಟೆಯ ಬುಡದಲ್ಲಿ ರಾಣೀಸರ್ ಎಂಬ ಕೆರೆಯಿದೆ. ಅಕ್ಷರಶಃ ನಮ್ಮ ಅರಸೀಕೆರೆ. ನೀರಿರುವ ಜಾಗಕ್ಕೆ ಊರು, ನೀರು ತೋಡಿಸಿದವರ ಹೆಸರು ಊರಿಗೆ. ದಾವಣಗೆರೆ, ಅರಸೀಕೆರೆಗಳ ನಾಡಿನವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಜೈಸಲ್ಮೇರ್ ಸುತ್ತಮುತ್ತ ವರ್ಷಕ್ಕೆ 200 ಮಿಲಿಮೀಟರಿಗಿಂತ ಕಡಿಮೆ ಮಳೆ. ಅದೂ ಕೆಲವೇ ದಿನಗಳಲ್ಲಿ ಬಿದ್ದು ಮುಗಿಯುತ್ತದೆ. ನೆಲದಾಳದ ನೀರು ಬಹಳ ಕಡೆ ಉಪ್ಪು. ಹೀಗಾಗಿ ಅಲ್ಲಿಯವರು ನೀರನ್ನು ಮೂರಾಗಿ ವಿಂಗಡಿಸಿದ್ದಾರೆ. ಮಳೆಯಿಂದ ನೇರವಾಗಿ ಹಿಡಿದದ್ದು 'ಪಾಲರ್ ಪಾನಿ'. ಪಾತಾಳದಿಂದ ಎತ್ತಿದ್ದು 'ಪಾತಾಳ ಪಾನಿ'. ಇವೆರಡರ ನಡುವೆ ಮರಳಿನ ತೇವವಾಗಿ ನಿಂತದ್ದು 'ರೇಜಾಣಿ ಪಾನಿ'. ಈ ಮೂರನೆಯದನ್ನು ಕಂಡುಕೊಂಡದ್ದು ನನಗೆ ದೊಡ್ಡ ಬುದ್ಧಿವಂತಿಕೆ ಎನಿಸುತ್ತದೆ. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂ ಪದರವಿದೆ. ಮಳೆನೀರು ಇಂಗುತ್ತ ಇಂಗುತ್ತ ಅಲ್ಲಿಗೆ ಬಂದು ತಡೆದು ನಿಲ್ಲುತ್ತದೆ, ಕೆಳಗಿನ ಉಪ್ಪುನೀರಿಗೆ ಸೇರುವುದಿಲ್ಲ. ಅಂಥಲ್ಲಿ ಒಬ್ಬ ಮನುಷ್ಯ ಕುಳಿತು ತೋಡುವಷ್ಟೇ ಅಗಲದ 'ಕುಂಈ' ಎಂಬ ಕಿರುಬಾವಿ ತೋಡುತ್ತಾರೆ. ಸುತ್ತಲಿನ ಮರಳಿನ ತೇವ ಬೆವರಿನಂತೆ ಒಸರಿ ದಿನಕ್ಕೆ ಕೆಲವು ಕೊಡ ಸಿಹಿನೀರಾಗುತ್ತದೆ. ಬಾವಿ ಅಗಲವಾದರೆ ನೀರು ತಳದಲ್ಲಿ ಹರಡಿಹೋಗಿ ಕೊಡಕ್ಕೆ ಸಿಗುವುದಿಲ್ಲ.

ಇನ್ನು ಖಡೀನ್. ಇದನ್ನು ನೋಡದೆ ಮಾತ್ರ ಬರಬೇಡಿ. ಜೈಸಲ್ಮೇರ್ ಭಾಗದಲ್ಲಿ ಕಲ್ಲುನೆಲದ ದಿಣ್ಣೆಗಳಿವೆ. ಬಿದ್ದ ಮಳೆ ಇಂಗದೆ ಜಾರಿ ತಗ್ಗಿಗೆ ಹರಿಯುತ್ತದೆ. ಆ ತಗ್ಗಿನ ಕೊನೆಗೆ ಉದ್ದನೆಯ ಮಣ್ಣಿನ ಒಡ್ಡು ಕಟ್ಟುತ್ತಾರೆ. ಮಳೆಗಾಲವೆಲ್ಲ ಅಲ್ಲಿ ನೀರು ನಿಂತು ನಿಧಾನವಾಗಿ ಇಂಗುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹೊರಹೋಗುತ್ತದೆ. ಚಳಿಗಾಲದ ಹೊತ್ತಿಗೆ ನೀರು ಮಾಯವಾಗಿ ಹಸಿ ನೆಲ ಉಳಿದಿರುತ್ತದೆ. ಅದರಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಮುಂದೆ ಒಂದು ಹನಿ ನೀರು ಹಾಯಿಸದೆ ಬೆಳೆ ಬರುತ್ತದೆ. ಹಿಂಗಾರಿ ಕಡಲೆಯನ್ನು ಎರೆಹೊಲದ ತೇವದಲ್ಲೇ ಬೆಳೆಯುವುದನ್ನು ಕಂಡ ಗದಗದವರಿಗೆ ಇದರ ಮರ್ಮ ತಕ್ಷಣ ಹೊಳೆಯುತ್ತದೆ. ವ್ಯತ್ಯಾಸವೇನೆಂದರೆ, ನಮಗೆ ತೇವ ಹಿಡಿಯುವ ಎರೆಮಣ್ಣನ್ನು ನಿಸರ್ಗವೇ ಕೊಟ್ಟಿದೆ. ಅವರು ಅಂಥ ನೆಲವನ್ನು ಒಡ್ಡು ಕಟ್ಟಿ ತಾವೇ ಮಾಡಿಕೊಂಡರು. ಆ ವರ್ಷ ಮಳೆ ಚೆನ್ನಾಗಿ ಆಗಿದ್ದರೆ ಡಿಸೆಂಬರ್‌ನಲ್ಲಿ ಬೋಳು ಬಂಡೆಗಳ ನಡುವೆ ಹಸಿರು ಗೋಧಿ ಕಾಣುತ್ತದೆ.

ಖಡೀನ್ ಪದ್ಧತಿಯನ್ನು ಬೆಳೆಸಿದವರು ಪಾಲೀವಾಲ ಬ್ರಾಹ್ಮಣರು. ಜೈಸಲ್ಮೇರ್ ಬಳಿಯ ಕುಲಧರಾಕ್ಕೆ ನಿಮ್ಮನ್ನು ಖಂಡಿತ ಕರೆದೊಯ್ಯುತ್ತಾರೆ. ದಿವಾನ ಸಾಲಿಮ್ ಸಿಂಗ್ ಊರ ಹುಡುಗಿಯ ಮೇಲೆ ಕಣ್ಣು ಹಾಕಿದನೆಂದು 84 ಹಳ್ಳಿಗಳ ಪಾಲೀವಾಲರು ಒಂದೇ ರಾತ್ರಿ ಶಾಪ ಹಾಕಿ ಹೊರಟುಹೋದರು, ಅಲ್ಲಿ ದೆವ್ವಗಳಿವೆ ಎಂಬ ಕಥೆ ಹೇಳುತ್ತಾರೆ. ಕಥೆ ಕೇಳಿಸಿಕೊಳ್ಳಿ, ಆದರೆ ದೆವ್ವಕ್ಕೆ ಸಮಯ ಕೊಡಬೇಡಿ. ವಿಪರೀತ ತೆರಿಗೆ, ಬತ್ತುತ್ತಿದ್ದ ನೀರು, ಕ್ಷೀಣಿಸಿದ ವ್ಯಾಪಾರ ಸೇರಿ ಆ ಹಳ್ಳಿಗಳನ್ನು ಖಾಲಿ ಮಾಡಿದವು ಎಂಬುದು ಹೆಚ್ಚು ನಂಬಬಹುದಾದ ಮಾತು. ನೇರ ಬೀದಿಗಳು, ಜಗಲಿಗಳು, ಅಂಗಳಗಳು ಇನ್ನೂ ಉಳಿದಿವೆ. ಅವನ್ನು ಕಟ್ಟಿದವರು ಮರುಭೂಮಿಯಲ್ಲಿ ಗೋಧಿ ಬೆಳೆದವರು ಎಂದು ಮೊಮ್ಮಗನಿಗೆ ಹೇಳಿ.

ಜೈಸಲ್ಮೇರ್ ನಗರವನ್ನು 1156ರಲ್ಲಿ ಭಾಟಿ ವಂಶದ ರಾವಲ್ ಜೈಸಲ್ ಸ್ಥಾಪಿಸಿದ. ಹಳದಿ ಕಲ್ಲಿನ ಕೋಟೆ ಸಂಜೆ ಬಿಸಿಲಿಗೆ ಹೊನ್ನಿನಂತೆ ಹೊಳೆಯುವುದು ನಿಜ. ಆದರೆ ಅದರ ನಿಜವಾದ ವಿಶೇಷ ಎಂದರೆ ಕೋಟೆಯೊಳಗೆ ಈಗಲೂ ಸಾವಿರಾರು ಜನರ ಸಂಸಾರ ನಡೆಯುತ್ತಿದೆ. ದೊಡ್ಡ ಸಂಕಟವೂ ಅಲ್ಲೇ ಇದೆ. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆಗೆ ನಲ್ಲಿ ಬಂತು, ವಸತಿಗೃಹಗಳು ಬಂದವು. ಚರಂಡಿಯ ನೀರು ಬೆಟ್ಟದ ಬುಡಕ್ಕೆ ಇಂಗಿ ಗೋಡೆಗಳನ್ನು ಸಡಿಲಿಸಿತು. 2013ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ರಾಜಸ್ಥಾನದ ಆರು ಗಿರಿದುರ್ಗಗಳಲ್ಲಿ ಇದೂ ಒಂದು. ದಯವಿಟ್ಟು ಕೋಟೆಯೊಳಗೆ ತಂಗಬೇಡಿ, ಹೊರಗಿನ ಊರಿನಲ್ಲಿ ಕೋಣೆ ಹಿಡಿಯಿರಿ.

ಆ ಊರಿನ ಸಿರಿಗೆ ಮೂಲ ಸಿಂಧ್ ಕಡೆಗೆ ಹೋಗುತ್ತಿದ್ದ ಒಂಟೆಗಳ ವ್ಯಾಪಾರಿ ತಂಡಗಳು. ಪಟ್ವಾ ಕುಟುಂಬದ ಐದು ಹವೇಲಿಗಳ ಕೆತ್ತನೆ ನೋಡಿದರೆ ಹಣ ಎಷ್ಟು ಹರಿದಿತ್ತೆಂದು ತಿಳಿಯುತ್ತದೆ. ಮುಂಬಯಿ ಬಂದರು ಬೆಳೆದಂತೆ ಒಂಟೆಯ ದಾರಿ ಸೊರಗಿತು. 1947ರ ಗಡಿ ಅದನ್ನು ಪೂರ್ತಿ ಕಡಿಯಿತು. ಗಡಿಯಾಚೆಯ ಉಮರಕೋಟೆಯ ಸೋಢಾ ರಜಪೂತರು ತಮ್ಮ ಕುಲದೊಳಗೆ ಮದುವೆಯಾಗುವಂತಿಲ್ಲವಾದ್ದರಿಂದ ಸಂಬಂಧ ಹುಡುಕಿಕೊಂಡು ರಾಜಸ್ಥಾನಕ್ಕೆ ಬರುತ್ತಾರೆ. 2006ರಲ್ಲಿ ಶುರುವಾದ, ಗಡಿಯ ಎರಡೂ ಕಡೆಗಳನ್ನು ಜೋಡಿಸುತ್ತಿದ್ದ ಥಾರ್ ಎಕ್ಸ್‌ಪ್ರೆಸ್ ರೈಲು 2019ರಲ್ಲಿ ನಿಂತಾಗ ಆ ಮನೆಗಳ ಹೆಣ್ಣುಮಕ್ಕಳಿಗೆ ತವರಿನ ದಾರಿಯೇ ದೂರವಾಯಿತು.

ಜೈಸಲ್ಮೇರ್‌ನಲ್ಲಿ ನಿಮ್ಮ ಮೊದಲ ಬೆಳಗು ಗಡೀಸರ್ ಕೆರೆಗೆ ಮೀಸಲಿರಲಿ. ಶತಮಾನಗಳ ಕಾಲ ಇಡೀ ಊರು ಕುಡಿದದ್ದು ಇದರ ನೀರನ್ನು. ಮಳೆನೀರು ಹರಿದು ಬರುವ ಸುತ್ತಲಿನ ನೆಲಕ್ಕೆ 'ಆಗೋರ್' ಎನ್ನುತ್ತಾರೆ. ಅದನ್ನು ಹೊಲಸು ಮಾಡುವುದು ಅಪರಾಧವೆಂದೇ ಎಣಿಕೆಯಾಗಿತ್ತು. ಕೆರೆಗೆ ಇಳಿಯುವ ಹೆಬ್ಬಾಗಿಲನ್ನು ಕಟ್ಟಿಸಿದವಳು ಟಿಲೋ ಎಂಬ ವೇಶ್ಯೆ ಎನ್ನುತ್ತಾರೆ. ರಾಜನ ಮನೆಯವರು ಅದರಡಿ ಹಾಯಲು ಒಪ್ಪದೆ ಕೆಡವಲು ಹೊರಟಾಗ ಆಕೆ ಅದರ ಮೇಲೆ ಕೃಷ್ಣನ ಗುಡಿ ಇರಿಸಿ ಉಳಿಸಿಕೊಂಡಳಂತೆ. ಇದು ಜನರ ಬಾಯಲ್ಲಿ ಬಂದ ಕಥೆ. ಆದರೂ ಆ ಬಾಗಿಲಡಿ ಹಾಯುವಾಗ ನನಗೆ ಪ್ರತಿಸಲವೂ ಅವಳ ನೆನಪಾಗುತ್ತದೆ.

ಜೋಧಪುರಕ್ಕೆ ಬನ್ನಿ. ರಾವ್ ಜೋಧಾ ಹಳೆಯ ರಾಜಧಾನಿ ಮಂಡೋರ್ ಬಿಟ್ಟು 1459ರಲ್ಲಿ ಮೆಹರಾನಗಢ ಕಟ್ಟಲು ಹಿಡಿದ. ಆ ಬಂಡೆಯ ಮೇಲಿದ್ದ ಸನ್ಯಾಸಿಯೊಬ್ಬನನ್ನು ಎಬ್ಬಿಸಿದ್ದಕ್ಕೆ ಆತ ಕೊಟ್ಟ ಶಾಪ ಏನು ಗೊತ್ತೇ? 'ನಿನ್ನ ಕೋಟೆಗೆ ನೀರಿನ ಬರ ಬರಲಿ.' ಆ ಶಾಪದ ಪರಿಹಾರಕ್ಕೆಂದು ರಾಜಾರಾಮ್ ಮೇಘವಾಲ್ ಎಂಬಾತ ಅಡಿಪಾಯದಲ್ಲಿ ಜೀವಂತ ಹೂಳಿಸಿಕೊಂಡನೆಂದು ಹೇಳುತ್ತಾರೆ. ಆತನ ಸ್ಮಾರಕ ಕೋಟೆಯಲ್ಲಿದೆ. ಆತ ದಲಿತ. ಕತ್ತಿ, ಪಲ್ಲಕ್ಕಿಗಳ ಕೋಣೆಗೆ ಹೋಗುವ ಮುನ್ನ ಅಲ್ಲಿ ಒಂದು ಕ್ಷಣ ನಿಲ್ಲಿ. ಕೋಟೆಯಿಂದಿಳಿದ ಮೇಲೆ ಹಳೆಯ ಊರಿನ ತೂರ್‌ಜೀ ಕಾ ಝಾಲರಾ ಎಂಬ ಮೆಟ್ಟಿಲುಬಾವಿಗೆ ಹೋಗಿ. ಹದಿನೆಂಟನೆಯ ಶತಮಾನದಲ್ಲಿ ರಾಣಿಯೊಬ್ಬಳು ಕಟ್ಟಿಸಿದ್ದು, ಬಹುಕಾಲ ಕಸ ಹೂಳು ತುಂಬಿ ಮುಚ್ಚಿಹೋಗಿತ್ತು. ಈಗ ಮತ್ತೆ ತಿಳಿನೀರು ಇದೆ.

ಇತಿಹಾಸದ ಬಗ್ಗೆ ಒಂದು ಎಚ್ಚರಿಕೆ. ರಜಪೂತರ ಶೌರ್ಯದ ಕಥೆಗಳು ನಮ್ಮವರೆಗೆ ಬಂದದ್ದು ರಾಜರನ್ನು ಹಾಡಿ ಹೊಗಳುತ್ತಿದ್ದ ಚಾರಣ ಕವಿಗಳ ಹಾಡಿನಿಂದ, ಆಮೇಲೆ 1829ರಿಂದ ಅಚ್ಚಾದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಟಾಡ್‌ನ ಬರವಣಿಗೆಯಿಂದ. ಎರಡರಲ್ಲೂ ರಾಜರದ್ದೇ ದೊಡ್ಡ ದನಿ. ಅದಕ್ಕೆ ಜೊತೆಯಾಗಿ ಹದಿನೇಳನೆಯ ಶತಮಾನದ ಮುಂಹಣೋತ್ ನೈಣಸಿಯನ್ನು ನೆನಪಿಟ್ಟುಕೊಳ್ಳಿ. ಮಹಾರಾಜ ಜಸವಂತ ಸಿಂಹನ ದಿವಾನನಾಗಿದ್ದ ಈತ ಮಾರವಾಡದ ಪರಗಣೆಗಳನ್ನು ಹಳ್ಳಿ ಹಳ್ಳಿಯಾಗಿ ದಾಖಲಿಸಿದ. ಬೆಳೆ ಯಾವುದು, ಬಾವಿ ಎಷ್ಟು, ಕೆರೆ ಇದೆಯೇ ಎಂಬುದೆಲ್ಲ ಅದರಲ್ಲಿದೆ.

ಕನ್ನಡಿಗರಿಗೆ ಸಂಬಂಧಿಸಿದ ಒಂದು ಹಳೆಯ ಎಳೆಯೂ ಇದೆ. ಎಂಟನೆಯ ಶತಮಾನದ ಕೊನೆಯಲ್ಲಿ ರಾಷ್ಟ್ರಕೂಟ ಧ್ರುವ ಪ್ರತಿಹಾರ ದೊರೆ ವತ್ಸರಾಜನನ್ನು ಸೋಲಿಸಿ 'ಮರು'ವಿನ ನಡುವಿಗೆ ಅಟ್ಟಿದನೆಂದು ಧ್ರುವನ ಮಗ ಮೂರನೆಯ ಗೋವಿಂದನ ತಾಮ್ರಶಾಸನಗಳು ಹೇಳುತ್ತವೆ. ಅದೇ ವತ್ಸರಾಜನ ಕಾಲದ್ದೆಂದು ಹೇಳುವ ಮಹಾವೀರ ಬಸದಿ ಜೋಧಪುರದ ಉತ್ತರದ ಓಸಿಯಾಂನಲ್ಲಿದೆ. ನಮ್ಮ ಶಾಸನ ಸೋತವನೆಂದು ಹೇಳಿದ ದೊರೆಯ ನಾಡಿನಲ್ಲಿ ಅರಳಿದ ಶಿಲ್ಪವನ್ನು ಕಣ್ಣಾರೆ ಕಾಣಬಹುದು. ಜೋಧಪುರದ ರಾಠೋಡರ ಹೆಸರು 'ರಾಷ್ಟ್ರಕೂಟ' ಪದದಿಂದಲೇ ಬಂದದ್ದಾದರೂ ಹೆಸರೊಂದರಿಂದ ಮಾನ್ಯಖೇಟದ ನೆಂಟಸ್ತಿಕೆ ಸಾಬೀತಾಗುವುದಿಲ್ಲ. ಇನ್ನು ಇಂದಿನ ರಾಜ್ಯ: ಇಪ್ಪತ್ತಕ್ಕೂ ಹೆಚ್ಚು ಸಂಸ್ಥಾನಗಳು ಹಂತಹಂತವಾಗಿ ಸೇರಿದವು. ರಾಜಸ್ಥಾನ ದಿನ 1949ರ ಮಾರ್ಚ್ 30ನ್ನು ನೆನೆಯುತ್ತದೆ. ಅಜ್ಮೇರ್, ಅಬು ಸೇರಿ ಈಗಿನ ರೂಪ ಬಂದದ್ದು 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಒಂದಾದ ದಿನವೇ.

ಜನರ ವಿಷಯಕ್ಕೆ ಬಂದರೆ ನಾನು ಮೊದಲು ಹೇಳುವುದು ಒಂದು ಮರದ ಹೆಸರು. ಮಾರವಾಡದಲ್ಲಿ ದಾರಿಯುದ್ದಕ್ಕೂ ಹೊಲಗಳ ನಡುವೆ ನಿಂತಿರುವ ಖೇಜಡಿ ಮರ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನೀವು ಎಲೆ ಹಂಚಿ 'ಬಂಗಾರದ ಹಂಗ ಇರೋಣ' ಎನ್ನುವ ಬನ್ನಿ. ಇಲ್ಲಿ ನಮಗದು ವರ್ಷಕ್ಕೊಮ್ಮೆಯ ಪೂಜೆ. ಅಲ್ಲಿ ಅದು ದಿನನಿತ್ಯದ ಅನ್ನ. ಎಲೆ ಆಡು, ಒಂಟೆಗಳಿಗೆ ಮೇವು, ನೆರಳಲ್ಲಿ ಸಜ್ಜೆ ಚೆನ್ನಾಗಿ ಬರುತ್ತದೆ, ಕೋಡು 'ಸಾಂಗ್ರಿ' ಒಣಗಿಸಿಟ್ಟರೆ ಬರಗಾಲದ ಪಲ್ಯ. 1730ರಲ್ಲಿ ಜೋಧಪುರದ ಅರಮನೆ ಕೆಲಸದ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಖೇಜಡಲಿ ಗ್ರಾಮಕ್ಕೆ ದೊರೆಯ ಆಳುಗಳು ಕೊಡಲಿ ಹಿಡಿದು ಬಂದರು. ಅಮೃತಾದೇವಿ ಬಿಷ್ಣೋಯಿ ಮರವನ್ನು ತಬ್ಬಿ ನಿಂತು ತಲೆ ಕೊಟ್ಟಳು. ಅವಳ ಹೆಣ್ಣುಮಕ್ಕಳು, ಆಮೇಲೆ ಸುತ್ತಲಿನ ಹಳ್ಳಿಗಳವರು ಬಂದರು; ಒಟ್ಟು 363 ಜನ ಸತ್ತರು. ಗುರು ಜಾಂಭೋಜಿ 1485ರಲ್ಲಿ ಹಾಕಿಕೊಟ್ಟ ಇಪ್ಪತ್ತೊಂಬತ್ತು ನೇಮಗಳನ್ನು ಪಾಲಿಸುವವರು ಎಂಬುದಕ್ಕೇ 'ಬೀಸ್', 'ನೌ' ಸೇರಿ ಬಿಷ್ಣೋಯಿ ಎಂಬ ಹೆಸರು. ಹಸಿ ಮರ ಕಡಿಯಬಾರದೆಂಬುದು ಆ ನೇಮಗಳಲ್ಲೊಂದು. ಜೋಧಪುರದಿಂದ ಖೇಜಡಲಿಗೆ ಅರ್ಧ ದಿನ ಸಾಕು. ಅರಮನೆಯ ಟಿಕೆಟ್ಟಿನ ದುಡ್ಡು ಉಳಿಸಿ ಅಲ್ಲಿಗೆ ಹೋಗಿ.

ಈಗ ಅದೇ ಬನ್ನಿ ಮರಗಳು ಸೌರ ವಿದ್ಯುತ್ ಸ್ಥಾವರಗಳಿಗಾಗಿ ಉರುಳುತ್ತಿವೆ. ಜೋಧಪುರದ ಉತ್ತರದ ಭಡಲಾ ಸೌರ ಪಾರ್ಕಿನ ಸಾಮರ್ಥ್ಯವೇ 2,245 ಮೆಗಾವ್ಯಾಟ್. ಬಿಸಿಲಿನ ವಿದ್ಯುತ್ ದೇಶಕ್ಕೆ ಬೇಕು, ಅದನ್ನು ಅಲ್ಲಗಳೆಯಲಾರೆ. ಆದರೆ ಕಾಗದದಲ್ಲಿ 'ಬಂಜರು' ಎಂದು ಬರೆದಿರುವ ನೆಲ ಬಹಳ ಕಡೆ ಓರಣ್, ಅಂದರೆ ದೇವರ ಹೆಸರಲ್ಲಿ ಊರು ಕಾಪಾಡಿಕೊಂಡ ಮೇವಿನ ಕಾಡು; ಕೊಡಗಿನ ದೇವರಕಾಡಿನ ಮರುನಾಡಿನ ರೂಪ. ಅದರ ಮೇಲೆ ಹಾಯುವ ತಂತಿಗಳಿಗೆ ಬಡಿದು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಸಾಯುತ್ತಿವೆ. ಬಳ್ಳಾರಿಯ ಸಿರುಗುಪ್ಪದ ಹೊಲಗಳಲ್ಲಿ ನಾವು ಬಹುತೇಕ ಕಳೆದುಕೊಂಡ ಹಕ್ಕಿ ಅದು. ಅದರ ಕೊನೆಯ ಗಟ್ಟಿ ನೆಲೆ ಜೈಸಲ್ಮೇರ್.

ಸಂಗೀತಕ್ಕೆ ಒಂದು ಸಂಜೆ ಬಿಡಿ. ಮಾಂಗಣಿಯಾರರು ಮುಸ್ಲಿಮರು, ತಲೆಮಾರುಗಳಿಂದ ಹಾಡುತ್ತಿರುವುದು ಹೆಚ್ಚಾಗಿ ಹಿಂದೂ ಯಜಮಾನರ ಮನೆಯ ಜನನ, ಮದುವೆ, ಸಾವಿಗೆ. ಯಜಮಾನನ ವಂಶಾವಳಿ ಅವರ ಬಾಯಲ್ಲಿರುತ್ತದೆ, ಕೃಷ್ಣನ ಹಾಡೂ ಸೂಫಿ ಕಲಾಮೂ ಒಂದೇ ಕೊರಳಲ್ಲಿ ಬರುತ್ತವೆ. ಹಮೀರಾ ಗ್ರಾಮದ ಸಾಕರ್ ಖಾನರ ಕಮಾಯಚಾ (ಕಮಾನಿನಿಂದ ನುಡಿಸುವ ತಂತಿವಾದ್ಯ) ವಾದನಕ್ಕೆ 2012ರಲ್ಲಿ ಪದ್ಮಶ್ರೀ ಬಂತು. ಹಲ್ಲಿನ ನಡುವೆ ಹಿಡಿದು ನುಡಿಸುವ ಮೋರ್‌ಚಂಗ್ ಕಂಡಾಗ ಗುರುತು ಹಿಡಿಯಿರಿ, ನಮ್ಮ ಕಛೇರಿಗಳ ಮೋರ್ಸಿಂಗ್ ಅದೇ. ಡೇರೆಗಳ ಮುಂದೆ ಸಿನಿಮಾ ಹಾಡು ಹಾಕಿ ಕುಣಿಸುವ ಕಾರ್ಯಕ್ರಮಗಳಲ್ಲಿ ಇದು ಸಿಗುವುದಿಲ್ಲ. ತಂಗುವ ಮನೆಯವರಿಗೆ ಮೊದಲೇ ಹೇಳಿದರೆ ಹಾಡುವ ಕುಟುಂಬವೊಂದನ್ನು ಗೊತ್ತುಮಾಡುತ್ತಾರೆ. ಹಣವನ್ನು ನೇರವಾಗಿ ಹಾಡಿದವರ ಕೈಗೆ ಕೊಡಿ.

ಊಟಕ್ಕೆ ಚಿಂತೆ ಬೇಡ. ಅವರ 'ಸೋಗರಾ' ನಿಮ್ಮ ಸಜ್ಜೆ ರೊಟ್ಟಿಯ ದಪ್ಪ ತಮ್ಮ. ಕೇರ್ ಸಾಂಗ್ರಿ ಪಲ್ಯ, ಮಜ್ಜಿಗೆಯಲ್ಲಿ ಬೇಯಿಸಿದ ಕಢಿ, ಕಡಲೆಹಿಟ್ಟಿನ ಗಟ್ಟೆ: ಹಸಿ ತರಕಾರಿಯೂ ನೀರೂ ಕಡಿಮೆಯಿದ್ದ ನಾಡಿನ ಅಡುಗೆ, ರುಚಿಗೆ ಯಾವ ಕೊರತೆಯೂ ಇಲ್ಲ. ಬೆಚ್ಚನೆಯ ಬಟ್ಟೆ ಮಾತ್ರ ಮರೆಯಬೇಡಿ, ಡಿಸೆಂಬರ್ ರಾತ್ರಿಗಳು ಕೊರೆಯುತ್ತವೆ.

ಬಿಕಾನೇರ್‌ನಲ್ಲಿ ಕಥೆಯ ಉಳಿದರ್ಧವಿದೆ. ವಿಕ್ರಮ ಶಕ 1956, ಅಂದರೆ 1899-1900ರ ಬರವನ್ನು ಅಲ್ಲಿ 'ಛಪ್ಪನಿಯಾ ಕಾಳ್' ಎಂದು ಇಂದಿಗೂ ನೆನೆಯುತ್ತಾರೆ. ಆಗ ಹರೆಯದ ದೊರೆಯಾಗಿದ್ದ ಗಂಗಾ ಸಿಂಹ 1927ರಲ್ಲಿ ಸಟ್ಲೆಜ್ ನೀರನ್ನು ಕಾಲುವೆಯಲ್ಲಿ ತಂದ. 1958ರಲ್ಲಿ ಕೆಲಸ ಶುರುವಾದ ಇಂದಿರಾ ಗಾಂಧಿ ಕಾಲುವೆ ಪಂಜಾಬಿನ ಹರಿಕೆ ಅಣೆಕಟ್ಟಿನಿಂದ ಹೊರಟು 649 ಕಿಲೋಮೀಟರ್ ಹರಿದು ಜೈಸಲ್ಮೇರ್ ಮುಟ್ಟಿತು. ಮರಳಿನಲ್ಲಿ ಹತ್ತಿ, ಸಾಸಿವೆ, ಗೋಧಿ ಬಂದವು. ಜೌಗು, ಸವಳು ಬಂದವು, ಹುಲ್ಲುಗಾವಲು ಹೋಯಿತು, ಅನೇಕ ಮನೆಗಳಲ್ಲಿ ಟಾಂಕಾ ಹಾಳುಬಿದ್ದಿತು. ನಾನು ಕಂಡಂತೆ ಕಾಲುವೆ ಬಂದ ಮೇಲೂ ಟಾಂಕಾ ಬಿಡದ ಮನೆಗಳೇ ಬೇಸಿಗೆಯಲ್ಲಿ ನೆಮ್ಮದಿಯಾಗಿರುತ್ತವೆ.

ಇನ್ನು ಮೊಮ್ಮಗ. ಅವನನ್ನು ಬೆಳಿಗ್ಗೆ ಬೇಗ ಎಬ್ಬಿಸಿ ಫಲೋದಿಯ ಬಳಿಯ ಖೀಚನ್ ಹಳ್ಳಿಗೆ ಕರೆದೊಯ್ಯಿರಿ. ಮಧ್ಯ ಏಷ್ಯಾ ಕಡೆಯಿಂದ ಬರುವ ಕುರ್ಜಾ ಕೊಕ್ಕರೆಗಳು ಊರವರು ಹಾಕುವ ಕಾಳಿಗೆ ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತವೆ. ಜೈಸಲ್ಮೇರ್‌ನಿಂದ ಸುಮಾರು ಹದಿನೇಳು ಕಿಲೋಮೀಟರ್ ದೂರದ ಆಕಲ್‌ನಲ್ಲಿ ಕಲ್ಲಾಗಿ ಬಿದ್ದಿರುವ ಮರಗಳಿವೆ, ವಯಸ್ಸು ಸುಮಾರು 18 ಕೋಟಿ ವರ್ಷ. ಮರಳುಗಾಡಿನಲ್ಲಿ ಒಮ್ಮೆ ದಟ್ಟ ಕಾಡಿತ್ತೆಂದು ಅವನು ಅದನ್ನು ಮುಟ್ಟಿಯೇ ನಂಬಲಿ.

ಒಂಟೆ ಸವಾರಿಗೆ ಸಮ್ ಎಂಬ ಊರಿನ ದಿಬ್ಬಗಳಿಗಿಂತ ಖುಹಡಿ ಗ್ರಾಮದ ಮರಳದಿಬ್ಬ ಶಾಂತ. ಒಂಟೆಯನ್ನು ಮೊದಲು ಮಾರವಾಡಕ್ಕೆ ತಂದದ್ದು ಪಾಬೂಜಿ ಎಂಬ ವೀರದೈವವೆಂದು ರಾಯಿಕಾ ಪಶುಪಾಲಕರು ನಂಬುತ್ತಾರೆ. ಭೋಪಾ ಎಂಬ ಪೂಜಾರಿ ಹಾಡುಗಾರರು ಬಣ್ಣದ ಪಟವನ್ನು ಬಿಡಿಸಿ ರಾವಣಹತ್ತಾ ಎಂಬ ತಂತಿವಾದ್ಯ ನುಡಿಸುತ್ತ ರಾತ್ರಿಯಿಡೀ ಆ ಕಥೆ ಹಾಡುತ್ತಾರೆ. ಆದರೆ 2012ರ ಗಣತಿಯಲ್ಲಿ ರಾಜ್ಯದಲ್ಲಿ 3.26 ಲಕ್ಷ ಇದ್ದ ಒಂಟೆಗಳು 2019ರ ಹೊತ್ತಿಗೆ 2.13 ಲಕ್ಷಕ್ಕೆ ಇಳಿದಿದ್ದವು. ಗಾಡಿ ಎಳೆಯುವ ಕೆಲಸ ಟ್ರ್ಯಾಕ್ಟರಿಗೆ ಹೋಯಿತು, ಮೇವಿನ ನೆಲ ಕಾಲುವೆಗೂ ಸೌರ ಫಲಕಗಳಿಗೂ ಹೋಯಿತು. 2014ರಲ್ಲಿ ರಾಜ್ಯಪ್ರಾಣಿ ಎಂಬ ಗೌರವವೂ ಮರುವರ್ಷ ಮಾರಾಟ, ಸಾಗಣೆಗೆ ಬಿಗಿ ಕಾನೂನೂ ಬಂದವು. ಮರಿಗೆ ಗಿರಾಕಿ ಇಲ್ಲದಂತಾಗಿ ರಾಯಿಕಾಗಳ ಕಷ್ಟ ಹೆಚ್ಚಿತು. ಆದ್ದರಿಂದ ಸವಾರಿ ಮುಗಿಸಿ ಬಂದ ಹುಡುಗನನ್ನು ಬಿಕಾನೇರ್‌ನ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರಕ್ಕೂ ಕರೆದೊಯ್ಯಿರಿ. ಅಲ್ಲಿ ಒಂಟೆ ಹಾಲಿನ ಕುಲ್ಫಿ ಸಿಗುತ್ತದೆ. ಮಧ್ಯಾಹ್ನ ಇಳಿದ ಮೇಲೆ ಹೋದರೆ ಒಳ್ಳೆಯದು; ಮೇಯಲು ಹೋದ ಹಿಂಡು ಧೂಳೆಬ್ಬಿಸುತ್ತ ಮರಳುವ ಹೊತ್ತಿಗೆ ಮರಿಗಳೆಲ್ಲ ಬೇಲಿಯ ಬಳಿ ಬಂದು ಕತ್ತು ಚಾಚಿ ನಿಂತಿರುತ್ತವೆ.